ತೋಟದಲ್ಲಿ ಕಲಿತದ್ದು ಬಂಡೆಯಲ್ಲಿ ನೆನಪಾಯ್ತು

ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯಲ್ಲಿ 28 ದಿನಗಳ ಬೇಸಿಕ್ ಕೋರ್ಸಿಗೆ ಸೀಟು ಸಿಕ್ಕಾಗ ನಾನು ಕಾಸರಗೋಡಿನಲ್ಲಿ ಡಿಗ್ರಿ ಎರಡನೇ ವರ್ಷದಲ್ಲಿದ್ದೆ. ಹಿಮವನ್ನು ಕಣ್ಣಾರೆ ಕಂಡವಳಲ್ಲ. ಮನೆ ಧರ್ಮತ್ತಡ್ಕದ ಹತ್ತಿರ. ನನಗೆ ಗೊತ್ತಿದ್ದ ಎತ್ತರ ಅಲ್ಲೇ ಹತ್ತಿರದ ಪೊಸಡಿಗುಂಪೆ ಗುಡ್ಡೆ ಒಂದೇ.

ತಯಾರಿಯೂ ಅಲ್ಲೇ ನಡೆಯಿತು. ಜನವರಿಯಿಂದ ಮೂರು ತಿಂಗಳು, ವಾರಕ್ಕೆ ನಾಲ್ಕು ದಿನ, ಬೆಳಕು ಹರಿಯುವ ಹೊತ್ತಿಗೆ ಗುಡ್ಡೆ ಹತ್ತುತ್ತಿದ್ದೆ. ಶುರುವಿಗೆ ಬೆನ್ನಚೀಲದಲ್ಲಿ 5 ಕಿಲೋ ಅಕ್ಕಿ, ಕೊನೆಗೆ 15 ಕಿಲೋ. ಇಳಿಯುವಾಗಲೂ ಭಾರ ಇಳಿಸುತ್ತಿರಲಿಲ್ಲ. ಮಂಡಿ ಗಟ್ಟಿಯಾಗುವುದು ಇಳಿಯುವಾಗಲೇ.

ಆದರೆ ನಿಜವಾದ ಪಾಠ ಸಿಕ್ಕಿದ್ದು ತೋಟದಲ್ಲಿ. ನಮ್ಮಲ್ಲಿ ಅಡಿಕೆ ಕೊಯ್ಯಲು ಬರುವ ಅಣ್ಣನ ಹತ್ತಿರ ಒಂದು ಸಂಜೆ ಹಟ ಮಾಡಿ ತಳೆ ಕೇಳಿದೆ, ಮರ ಹತ್ತುವಾಗ ಪಾದಕ್ಕೆ ಹಾಕಿಕೊಳ್ಳುವ ಬಳೆಯಂಥ ಹಗ್ಗ. ಎರಡೂ ಪಾದಕ್ಕೆ ತಳೆ ಹಾಕಿಕೊಂಡು ಒಂದಾಳೆತ್ತರ ಹತ್ತುವುದರಲ್ಲಿ ಮರವನ್ನು ಅಪ್ಪಿಕೊಂಡು ನಿಂತುಬಿಟ್ಟೆ. ತೋಳು ನಡುಗುತ್ತಿತ್ತು. ಕೆಳಗಿಂದ ಅವರು ಹೇಳಿದರು: “ಮಗಾ, ಕೈ ಹಿಡಿದುಕೊಳ್ಳಲಿಕ್ಕೆ ಮಾತ್ರ. ಭಾರ ಕಾಲಿಗೆ ಕೊಡು.”

ಉತ್ತರಕಾಶಿಯ ಹತ್ತಿರದ ತೇಖ್ಲಾದಲ್ಲಿ ಬಂಡೆ ಹತ್ತುವ ತರಬೇತಿ. ಅಲ್ಲಿನ ಕಲ್ಲು ನಮ್ಮ ಮುರಕಲ್ಲಿನ ಹಾಗೆ ತೂತು ತೂತು ಅಲ್ಲ, ಬೆರಳು ಸಿಕ್ಕಿಸಲು ಜಾಗ ಹುಡುಕಬೇಕು. ಸೊಂಟಕ್ಕೆ ಹಾರ್ನೆಸ್, ಹಗ್ಗ ಎಲ್ಲ ಇತ್ತು. ಆದರೂ ಅರ್ಧಕ್ಕೆ ಹೋಗಿ ಹೊಟ್ಟೆಯನ್ನು ಬಂಡೆಗೆ ಅಂಟಿಸಿ ನಿಂತೆ. ಹಾಗೆ ಅಂಟಿಕೊಂಡಷ್ಟೂ ಪಾದ ಜಾರುತ್ತಿತ್ತು. ಬಲಗಾಲು ಹೊಲಿಗೆ ಮೆಷಿನ್ ಹಾಗೆ ಕುಣಿಯತೊಡಗಿತು. “ಪೈರ್ ಪರ್ ಭರೋಸಾ ಕರೋ”, ಕಾಲನ್ನು ನಂಬು ಎಂದು ತರಬೇತುದಾರರು ಕೂಗಿದರು. ಅದೇ ಮಾತು ಅಲ್ವಾ! ಸೊಂಟವನ್ನು ಬಂಡೆಯಿಂದ ಸ್ವಲ್ಪ ಈಚೆ ತಂದು, ಹಿಮ್ಮಡಿ ತಗ್ಗಿಸಿದೆ. ಭಾರ ನೇರ ಪಾದದ ಮೇಲೆ ಬಿತ್ತು, ಶೂ ಕಲ್ಲನ್ನು ಕಚ್ಚಿಕೊಂಡಿತು. ಕೈ ಹಗುರವಾಯಿತು. ಮೇಲೆ ತಲುಪಿ ಅತ್ತುಬಿಟ್ಟೆ, ಖುಷಿಗೆ.

ಆಮೇಲೆ ದೋಕ್ರಿಯಾನಿ ಹಿಮನದಿಯ ಕಡೆಗೆ ನಡಿಗೆ. ಬೇಸ್ ಕ್ಯಾಂಪ್ 3,500 ಮೀಟರಿಗೂ ಮೇಲೆ. ಸಮುದ್ರದ ಪಕ್ಕದ ಜಿಲ್ಲೆಯವಳಿಗೆ ಅದು ಸುಮ್ನೆ ಅಲ್ಲ. ಒಂದು ರಾತ್ರಿ ತಲೆ ಸಿಡಿಯುವಷ್ಟು ನೋವು. ನಾಚಿಕೆಯಿಂದ ಬೆಳಗಿನವರೆಗೆ ಯಾರಿಗೂ ಹೇಳಲಿಲ್ಲ. ಅದು ನನ್ನ ದೊಡ್ಡ ತಪ್ಪು. ಎತ್ತರದಲ್ಲಿ ತಲೆನೋವು ಬಂದರೆ ಆ ಕ್ಷಣವೇ ಹೇಳಬೇಕು, ಜಾಸ್ತಿಯಾದರೆ ಕೆಳಗೆ ಇಳಿಯಬೇಕು. ಅದೃಷ್ಟಕ್ಕೆ ಒಂದು ದಿನದ ವಿಶ್ರಾಂತಿಯಲ್ಲಿ ಸರಿಹೋಯಿತು.

ಹಿಮದಲ್ಲಿ ನನಗೆ ತುಂಬಾ ಇಷ್ಟವಾದದ್ದು ಜಾರುವಾಗ ತಡೆದು ನಿಲ್ಲುವ ಅಭ್ಯಾಸ. ಬೇಕೆಂದೇ ಇಳಿಜಾರಿನಲ್ಲಿ ಜಾರಬೇಕು, ಕವುಚಿ ಮಲಗಿ ಐಸ್ ಆಕ್ಸ್ ಎಂಬ ಹಿಮಗೊಡಲಿಯ ಚೂಪು ಮೂತಿಯನ್ನು ಭುಜದ ಹತ್ತಿರ ಹಿಮಕ್ಕೆ ಚುಚ್ಚಿ ಮೈಭಾರ ಹಾಕಬೇಕು. ಹತ್ತನೇ ಸಲಕ್ಕೆ ನಿಂತೆ. ಬಾಯಿ ತುಂಬಾ ಹಿಮ.

ಎ ಗ್ರೇಡ್ ಬಂತು. ಅಡ್ವಾನ್ಸ್ ಕೋರ್ಸಿಗೆ ಅದೇ ಬೇಕು. ಊರಿಗೆ ಬಂದ ಮರುದಿನ ಅಣ್ಣನಿಗೆ ತೇಖ್ಲಾದ ಫೋಟೋ ತೋರಿಸಿದೆ. ಅವರು ನನ್ನ ಮುಖ ನೋಡಲಿಲ್ಲ. ಫೋನನ್ನು ಹತ್ತಿರ ಹಿಡಿದು ಪಾದ ಎಲ್ಲಿಟ್ಟಿದ್ದೇನೆ ಎಂದೇ ನೋಡಿದರು.