ಕೆಲಸ ಹೋದ ಮೇಲೂ ಜೇಲಂ ಎಕ್ಸ್‌ಪ್ರೆಸ್ ಹತ್ತಿದ್ದು

2023ರ ಮಾರ್ಚ್‌ನಲ್ಲಿ ನಮ್ಮನೆಯವರ ಕೆಲಸ ಹೋಯಿತು. ಪುಣೆಯ ಹಿಂಜವಡಿಯ ಒಂದು ಕಂಪನಿಯಲ್ಲಿ ಏಳು ವರ್ಷ ದುಡಿದಿದ್ದರು. ಪ್ರಾಜೆಕ್ಟ್ ಮುಚ್ಚಿತು, ಎರಡು ತಿಂಗಳ ಸಂಬಳ ಕೊಟ್ಟು ಆ ತಿಂಗಳ ಕೊನೆಗೇ ಬಿಡುಗಡೆ ಮಾಡಿದರು. ಮೇ ತಿಂಗಳಲ್ಲಿ ನಾವು ನಾಲ್ವರೂ ಹಿಮಾಚಲಕ್ಕೆ ಹೋಗುವುದಿತ್ತು. ಪುಣೆಯಿಂದ ಪಠಾಣ್‌ಕೋಟ್‌ವರೆಗೆ ಜೇಲಂ ಎಕ್ಸ್‌ಪ್ರೆಸ್ ರೈಲಿನ ಟಿಕೆಟ್ ಜನವರಿಯಲ್ಲೇ ಆಗಿತ್ತು. ಆಗಿನ್ನೂ 120 ದಿನ ಮೊದಲೇ ಬುಕಿಂಗ್ ತೆರೆಯುತ್ತಿತ್ತು, 60 ದಿನ ಆಗಿದ್ದು 2024ರ ನವೆಂಬರ್‌ನಿಂದ.

ನಾನು ಪುಣೆಯಲ್ಲಿ ಒಂದು ಸಹಕಾರಿ ಬ್ಯಾಂಕಿನಲ್ಲಿದ್ದೇನೆ. ಈ ಪ್ರಸಂಗ ಬಂದಾಗ ಹೇಗೆ ಲೆಕ್ಕ ಹಾಕಿದೆವು ಅಂತ ಆಮೇಲೆ ಹಲವರು ಕೇಳಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಇಂಥ ಹೊತ್ತಿನಲ್ಲಿ ಎಲ್ಲರ ಬಾಯಲ್ಲೂ ಮೊದಲು ಬರುವ ಮಾತು ಒಂದೇ, ಈಗೆಂಥ ಪ್ರವಾಸ, ಸುಮ್ನೆ ರದ್ದು ಮಾಡಿ. ಅದು ಸರಿಯಾದ ಉತ್ತರವೇ ಆಗಿರಬಹುದು. ಆದರೆ ಲೆಕ್ಕ ಹಾಕಿದ ಮೇಲೆ ಬಂದ ಉತ್ತರ ಆಗಿರಬೇಕು ಅಲ್ವಾ?

ಮೊದಲ ವಾರ ನಾನು ಏನನ್ನೂ ರದ್ದು ಮಾಡಲಿಲ್ಲ, ಹೋಗುತ್ತೇವೆ ಅಂತಲೂ ಹೇಳಲಿಲ್ಲ. ಎಲ್ಲ ಬುಕಿಂಗ್‌ಗಳನ್ನೂ ತೆಗೆದು, ಒಂದೊಂದನ್ನೂ ಯಾವತ್ತಿನವರೆಗೆ ರದ್ದು ಮಾಡಿದರೆ ಎಷ್ಟು ದುಡ್ಡು ವಾಪಸ್ ಬರುತ್ತದೆ ಅಂತ ಅಡುಗೆಮನೆಯ ಕ್ಯಾಲೆಂಡರ್ ಮೇಲೆ ಗುರುತು ಹಾಕಿದೆ. ಡಾಲ್‌ಹೌಸಿಯ ಹೋಟೆಲ್ ಒಂದು ತಿಂಗಳು ಮುಂಚೆ ಹೇಳಿದರೆ ಪೂರ್ತಿ ಕೊಡುತ್ತಿತ್ತು. ಧರ್ಮಶಾಲೆಯ ಹೋಮ್‌ಸ್ಟೇಗೆ ಹದಿನೈದು ದಿನ ಸಾಕಿತ್ತು. ರೈಲಂತೂ ಇನ್ನೂ ಸಡಿಲ. ಥರ್ಡ್ ಎಸಿ ಕನ್ಫರ್ಮ್ ಟಿಕೆಟ್ಟನ್ನು ಗಾಡಿ ಬಿಡುವ 48 ತಾಸು ಮೊದಲು ರದ್ದು ಮಾಡಿದರೆ ಆಗ ತಲೆಗೆ 180 ರೂಪಾಯಿ, ಅದರ ಮೇಲೆ ಜಿಎಸ್‌ಟಿ, ಅಷ್ಟೇ ಹಿಡಿಯುತ್ತಿದ್ದರು. 48 ತಾಸಿನ ಒಳಗೆ ಬಂದರೆ ದರದ ಕಾಲು ಭಾಗ, 12 ತಾಸಿನ ಒಳಗೆ ಬಂದರೆ ಅರ್ಧ.

ದೆಹಲಿಯಿಂದ ಪುಣೆಗೆ ವಾಪಸ್ ಬರುವ ವಿಮಾನದ ಟಿಕೆಟ್ ಮಾತ್ರ ಬೇರೆ ಥರ. ಅಗ್ಗಕ್ಕೆ ಸಿಕ್ಕಿದ್ದು, ರದ್ದು ಮಾಡಿದರೆ ಮೂಲ ದರದಲ್ಲಿ ಏನೂ ಬರುವುದಿಲ್ಲ. ಒಂದು ವಿಷಯ ತುಂಬ ಜನಕ್ಕೆ ಗೊತ್ತಿಲ್ಲ. ಎಂಥ ‘ನಾನ್ ರಿಫಂಡಬಲ್’ ಟಿಕೆಟ್ ಆದರೂ ಸರ್ಕಾರಿ ತೆರಿಗೆ ಮತ್ತು ವಿಮಾನ ನಿಲ್ದಾಣದ ಬಳಕೆ ಶುಲ್ಕವನ್ನು ಕಂಪನಿ ವಾಪಸ್ ಕೊಡಲೇಬೇಕು. ಅದು ವಿಮಾನಯಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಡಿಜಿಸಿಎಯ ನಿಯಮ. ಕೇಳಿ ತಗೊಳ್ಳಿ. ನಮ್ಮ ಟಿಕೆಟ್‌ಗೆ ಆ ಮೊತ್ತ ಬಹಳ ಸಣ್ಣದಿತ್ತು.

ಹೀಗೆ ತಾರೀಖು ಬರೆದಿಟ್ಟಿದ್ದರಿಂದ ಒಂದು ಉಪಕಾರ ಆಯಿತು. ನಿರ್ಧಾರಕ್ಕೆ ಏಪ್ರಿಲ್ ಅರ್ಧದವರೆಗೆ ಟೈಮ್ ಇದೆ, ಅಲ್ಲಿಯವರೆಗೆ ಕಾದರೂ ಒಂದು ರೂಪಾಯಿ ನಷ್ಟ ಇಲ್ಲ ಅನ್ನೋದು ಕಣ್ಣೆದುರು ಬಂತು. ಕೆಲಸ ಹೋದ ಮನೆಯಲ್ಲಿ ಮೊದಲ ಎರಡು ವಾರ ಯಾರ ತಲೆಯೂ ನೆಟ್ಟಗಿರುವುದಿಲ್ಲ. ಆ ಹೊತ್ತಿನಲ್ಲಿ ತೀರ್ಮಾನ ಮಾಡುವ ಒತ್ತಡವೇ ಇರಲಿಲ್ಲ.

ಇನ್ನು ದುಡ್ಡಿನ ಲೆಕ್ಕ. ನಮ್ಮ ಮನೆ ಖರ್ಚು ತಿಂಗಳಿಗೆ ಸುಮಾರು 80,000. ವಾಕಡ್‌ನ ಫ್ಲ್ಯಾಟಿನ ಕಂತು 34,000, ದಿನಸಿ, ಹಾಲು, ಗ್ಯಾಸ್, ಕರೆಂಟು ಎಲ್ಲ ಸೇರಿ 22,000, ಸೊಸೈಟಿಗೆ 4,000, ಮಕ್ಕಳ ಬಸ್ಸು ಮತ್ತು ಟ್ಯೂಷನ್‌ಗೆ 9,000, ಧಾರವಾಡದಲ್ಲಿರುವ ಅತ್ತೆ ಮಾವನಿಗೆ ಕಳಿಸುವುದು 6,000, ಎಲ್ಐಸಿ ಇತ್ಯಾದಿ 5,000. ನನ್ನ ಕೈಗೆ ಬರುವ ಸಂಬಳ 48,000. ಅಂದರೆ ತಿಂಗಳಿಗೆ ಬೀಳುವ ಕೊರತೆ 32,000.

ನನ್ನ ಇಡೀ ಲೆಕ್ಕ ನಿಂತಿದ್ದು ಈ 32,000ದ ಮೇಲೆ. ಆರು ತಿಂಗಳ ಖರ್ಚು ಕೈಯಲ್ಲಿರಬೇಕು ಅಂತ ಎಲ್ಲರೂ ಹೇಳುತ್ತಾರೆ. ಇಬ್ಬರು ದುಡಿಯುವ ಮನೆಯಲ್ಲಿ ಒಂದು ಸಂಬಳ ನಿಂತರೆ, ಕೂಡಿಟ್ಟ ದುಡ್ಡು ಪೂರ್ತಿ ಖರ್ಚಿಗೆ ಕರಗುವುದಿಲ್ಲ, ಕೊರತೆಗೆ ಮಾತ್ರ ಕರಗುತ್ತದೆ. ಹಾಗಾಗಿ ನಾವು ಎಷ್ಟು ತಿಂಗಳು ಕಾಯಬಹುದು ಅನ್ನೋದನ್ನ ಕೊರತೆಯಿಂದಲೇ ಭಾಗಿಸಿ ನೋಡಬೇಕು.

ಎರಡು ತಿಂಗಳ ಸಂಬಳ ಕೊಟ್ಟಿದ್ದರಿಂದ ಏಪ್ರಿಲ್, ಮೇ ದಾಟುತ್ತಿತ್ತು. ಜೂನ್‌ನಿಂದ ಕೂಡಿಟ್ಟದ್ದಕ್ಕೆ ಕೈ ಹಾಕಬೇಕು. ಬ್ಯಾಂಕಿನ ಎಫ್‌ಡಿ, ತಿಂಗಳು ತಿಂಗಳು ಕಟ್ಟುವ ಆರ್‌ಡಿ ಸೇರಿ ಎರಡೂವರೆ ಲಕ್ಷ. ಐದು ವರ್ಷ ದಾಟಿದ್ದರಿಂದ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಕಂಪನಿ ಕೊಡುವ ಇಡುಗಂಟು, ಬರುತ್ತಿತ್ತು. ಕೊನೆಯ ಮೂಲ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಮತ್ತೆ ವರ್ಷಗಳಿಂದ ಗುಣಿಸಿದರೆ ಬರುವ ಮೊತ್ತ. 45,000 ಮೂಲ ವೇತನಕ್ಕೆ ಏಳು ವರ್ಷಕ್ಕೆ 1,81,000 ಚಿಲ್ಲರೆ. ಎರಡೂ ಸೇರಿ 4,31,000. ಪಿಎಫ್ ಇತ್ತು. ಆಗಿನ ನಿಯಮದಲ್ಲಿ ಕೆಲಸ ಬಿಟ್ಟು ಒಂದು ತಿಂಗಳಾದ ಮೇಲೆ ಮುಕ್ಕಾಲು ಪಾಲು ತೆಗೆಯಬಹುದಿತ್ತು. ಅದನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಅದು ಮುಟ್ಟಬಾರದ ದುಡ್ಡು ಅಂತ ನನ್ನ ಗಟ್ಟಿ ಅಭಿಪ್ರಾಯ.

ಆ ಆರ್‌ಡಿಯನ್ನು ನಾನು ಪ್ರವಾಸಕ್ಕಂತಲೇ ಕಟ್ಟಿದ್ದೆ. ಅದು ಟೂರಿನ ದುಡ್ಡೇ ತಾನೆ, ಹೋಗಿ ಬನ್ನಿ ಅಂತ ತಂಗಿ ಹೇಳಿದಳು. ನನಗೆ ಅದು ಒಪ್ಪಿಗೆ ಆಗಲಿಲ್ಲ. ಒಂದು ಸಂಬಳ ನಿಂತ ಮೇಲೆ ಮನೆಯ ದುಡ್ಡೆಲ್ಲ ಒಂದೇ ಗಂಟು.

4,31,000ದಿಂದ ಎರಡು ದೊಡ್ಡ ಖರ್ಚು ಮೊದಲೇ ಕಳೆದೆ. ಜೂನ್‌ನಲ್ಲಿ ಮಕ್ಕಳಿಬ್ಬರ ಶಾಲೆ ಫೀ 85,000. ಎರಡನೆಯದು ಆರೋಗ್ಯ ವಿಮೆ, 32,000. ಕಂಪನಿಯ ಗ್ರೂಪ್ ಮೆಡಿಕ್ಲೇಮ್ ಕೆಲಸದ ಜೊತೆಗೇ ಮುಗಿಯುತ್ತದೆ. ಅದೇ ವಿಮಾ ಕಂಪನಿಯ ಸ್ವಂತ ಪಾಲಿಸಿಗೆ ವರ್ಗ ಮಾಡಿಸಿಕೊಳ್ಳಲು ಬರುತ್ತದೆ. ಹಾಗೆ ಮಾಡಿದರೆ ಹಳೆ ಕಾಯಿಲೆಗಳಿಗೆ ವಿಮೆ ಸಿಗಲು ಆಗಲೇ ಕಾದ ಅವಧಿ ವ್ಯರ್ಥ ಆಗುವುದಿಲ್ಲ. ಕೆಲಸದ ಕಡೇ ದಿನಕ್ಕೆ ಮುಂಚೆಯೇ ಎಚ್‌ಆರ್ ಹತ್ತಿರ ಕೇಳಿ ಅರ್ಜಿ ಹಾಕಿಸಿದೆವು. ಇವರಿಗೆ ಬಿಪಿ ಇದೆ, ಹಾಗಾಗಿ ಈ ವಿಷಯದಲ್ಲಿ ನಾನು ಪಟ್ಟು ಬಿಡಲಿಲ್ಲ. ವಿಮೆ ಕೈಗೆ ಬರದೆ ಮನೆ ಬಿಟ್ಟು ಹೊರಡುವ ಮಾತೇ ಇಲ್ಲ ಅಂತ ಹೇಳಿಬಿಟ್ಟಿದ್ದೆ.

ಉಳಿದದ್ದು 3,14,000. ಕೊರತೆಯಿಂದ ಭಾಗಿಸಿದರೆ ಹತ್ತು ತಿಂಗಳ ಹತ್ತಿರ. ಈಗ ಇದರಲ್ಲಿ ಪ್ರವಾಸ ಇಟ್ಟು ನೋಡಬೇಕು.

ಹೋಗುವುದರ ನಿಜವಾದ ಖರ್ಚು ಎಷ್ಟು? ಆಗಲೇ ಕೊಟ್ಟು, ಏನು ಮಾಡಿದರೂ ವಾಪಸ್ ಬಾರದ್ದನ್ನು ಬಿಟ್ಟುಬಿಡಬೇಕು. ನಮ್ಮ ವಿಮಾನ ಹಾಗೆ, ಹೋದರೂ ಅಷ್ಟೇ ಬಿಟ್ಟರೂ ಅಷ್ಟೇ. ಆದರೆ ರದ್ದು ಮಾಡಿದರೆ ವಾಪಸ್ ಬರುವ ದುಡ್ಡನ್ನು ಖರ್ಚಿಗೆ ಸೇರಿಸಲೇಬೇಕು. ರೈಲಿಗೆ ಜನವರಿಯಲ್ಲೇ ಎಂಟು ಸಾವಿರ ಕೊಟ್ಟಿದ್ದೇವೆ, ಅದು ಆಗಿಹೋದದ್ದು ಅನ್ನಿಸುತ್ತದೆ. ಆಗಿಲ್ಲ. ಹೆಚ್ಚುಕಮ್ಮಿ ಪೂರ್ತಿ ವಾಪಸ್ ಬರುವ ದುಡ್ಡದು, ಹೋದರೆ ಮಾತ್ರ ಖರ್ಚಾಗುತ್ತದೆ. ಈ ಥರ ಕೂಡಿಸಿದಾಗ ಮೊದಲಿನ ಪ್ಲಾನ್ ಪ್ರಕಾರ ಇನ್ನೂ 96,000 ಬೇಕಿತ್ತು. ಸರಿಯಾಗಿ ಮೂರು ತಿಂಗಳ ಕೊರತೆ. ಹಾಗೆ ಹೋಗಿಬಂದರೆ ನಮ್ಮ ಹತ್ತು ತಿಂಗಳು ಏಳಕ್ಕೂ ಕೆಳಗೆ ಇಳಿಯುತ್ತಿತ್ತು. ಅದನ್ನು ನೋಡಿದ ಕೂಡಲೇ ಆ ಪ್ಲಾನ್ ಕೈಬಿಟ್ಟೆ.

ಕೈಬಿಟ್ಟಿದ್ದು ಆ ಪ್ಲಾನ್. ಪ್ರವಾಸವನ್ನು ಅಂತ ಇನ್ನೂ ತೀರ್ಮಾನ ಆಗಿರಲಿಲ್ಲ. ಅದಕ್ಕೆ ಇವರ ಜೊತೆ ಕೂತು ಮಾತಾಡಬೇಕಿತ್ತು.

ಮಕ್ಕಳು ಮಲಗಿದ ಮೇಲೆ ಊಟದ ಟೇಬಲ್ ಮೇಲೆ ಈ ಲೆಕ್ಕ ಬರೆದ ಹಾಳೆ ಹರವಿದೆ. ಇವರು ಓದಲೇ ಇಲ್ಲ.

“ಎಲ್ಲಾ ಕ್ಯಾನ್ಸಲ್ ಮಾಡಿಬಿಡು” ಅಂದರು.

“ಬ್ಯಾಡ ಅಂದ್ರ ಬ್ಯಾಡ್ರೀ. ಆದ್ರ ಯಾಕ ಬ್ಯಾಡ ಅಂತ ಹೇಳ್ರಿ. ರೊಕ್ಕದ್ದೋ, ಮಂದೀದೋ?”

ಸ್ವಲ್ಪ ಹೊತ್ತು ಸುಮ್ಮನಿದ್ದು, “ಕೆಲಸಾ ಇಲ್ಲದಾಂವ ತಿರಗ್ಯಾಡ್ಲಿಕ್ಕೆ ಹೊಂಟಾನ ಅಂತಾರ” ಅಂದರು. ಆಮೇಲೆ ಇನ್ನೊಂದು ಮಾತು ಬಂತು. ಅಷ್ಟರಲ್ಲಿ ಇಂಟರ್‌ವ್ಯೂ ಕರೆ ಬಂದರೆ? ಮೂರನೆಯದು ತಡವಾಗಿ ಬಂತು, ಮತ್ತು ಅದೇ ದೊಡ್ಡದಿತ್ತು: “ಹುಡುಗೂರು ಜನವರಿಯಿಂದ ಕಾಯಾಕ್ಹತ್ಯಾವ. ನನ್ನ ಸಲುವಾಗಿ ತಪ್ಪಿತು ಅಂತ ಆಗ್ತದ.”

ಇಲ್ಲಿ ನನಗೆ ಒಂದು ವಿಷಯ ಸ್ಪಷ್ಟ ಆಯಿತು. ಕೆಲಸ ಕಳಕೊಂಡವರ ಕೈಗೇ ಈ ತೀರ್ಮಾನ ಕೊಡಬಾರದು. ಬೇಡ ಅಂದರೆ ಮಕ್ಕಳ ರಜೆ ಕೆಡಿಸಿದೆ ಅಂತ ಕೊರಗುತ್ತಾರೆ, ಹೋಗೋಣ ಅಂದರೆ ದುಡ್ಡು ಪೋಲು ಮಾಡಿಸಿದೆ ಅಂತ ಕೊರಗುತ್ತಾರೆ. ಹಾಗಂತ ಅವರನ್ನು ಕೇಳದೆ ನಾನೇ ಮಾಡುವುದೂ ತಪ್ಪು. ಅದಕ್ಕೆ ಇಬ್ಬರೂ ಸೇರಿ ಒಂದು ಗೆರೆ ಹಾಕಿಕೊಂಡೆವು. ಖರ್ಚು ಒಂದು ತಿಂಗಳ ಕೊರತೆಯ ಒಳಗೆ ಬಂದರೆ ಹೋಗುವುದು, ಬರದಿದ್ದರೆ ಬಿಡುವುದು. ಕ್ರೆಡಿಟ್ ಕಾರ್ಡ್ ಮುಟ್ಟುವುದಿಲ್ಲ. ಜೊತೆಗೆ, ಅಷ್ಟರೊಳಗೆ ಯಾವುದಾದರೂ ಕಂಪನಿ ನೇರ ಬಾ ಅಂದರೆ ಇವರು ಅಲ್ಲಿಂದಲೇ ವಾಪಸ್, ನಾನು ಮತ್ತು ಮಕ್ಕಳು ಮುಂದಕ್ಕೆ.

ಮಂದಿ ಏನಂತಾರೆ ಅನ್ನೋದಕ್ಕೆ ಹಾಳೆಯಲ್ಲಿ ಉತ್ತರ ಇರಲಿಲ್ಲ. ಅದನ್ನು ಬಗೆಹರಿಸಿದ್ದು ಅತ್ತೆ. ಫೋನಿನಲ್ಲಿ ಇವರಿಗೆ, “ಮಂದಿ ಏನ್ ನಿನ್ನ ಮನೀ ಕಂತು ಕಟ್ತಾರೇನೋ ತಮ್ಮಾ? ಹೋಗಿ ಬಾ. ನಮಗ ಕಳಸೋ ರೊಕ್ಕ ಎರಡ ತಿಂಗಳ ಬಿಡು, ಪೆನ್ಶನ್ ಬರ್ತದ” ಅಂದರು. ಆ ಮನೆಯ ದುಡ್ಡನ್ನು ನಾವು ನಿಲ್ಲಿಸಲಿಲ್ಲ. ಹಿರಿಯರ ಔಷಧದ ದುಡ್ಡಿನಲ್ಲಿ ಪ್ರವಾಸ ಹೋಗುವುದು ಸರಿ ಅಲ್ಲ ಅಂತ ಇಬ್ಬರಿಗೂ ಅನಿಸಿತು.

ಮಕ್ಕಳಿಗೂ ಹೇಳಿದೆವು. ಅಪ್ಪನ ಕೆಲಸ ಹೋಗಿದೆ, ಬೇರೆ ಹುಡುಕುತ್ತಿದ್ದಾರೆ, ಪ್ರವಾಸ ಸಣ್ಣದಾಗಬಹುದು ಅಥವಾ ಆಗದೇ ಇರಬಹುದು, ಏಪ್ರಿಲ್‌ನಲ್ಲಿ ಹೇಳುತ್ತೇವೆ ಅಂತ. ಆರನೇ ಕ್ಲಾಸಿನ ಮಗಳು ತನ್ನ ಹುಂಡಿ ತಂದು ಟೇಬಲ್ ಮೇಲಿಟ್ಟಳು. ವಾಪಸ್ ಕೊಟ್ಟೆ. ಇದು ನಿನ್ನ ಕೆಲಸ ಅಲ್ಲ, ನಮ್ಮದು ಅಂದೆ.

ಗೆರೆಯೊಳಗೆ ತರುವುದಕ್ಕೆ ಕತ್ತರಿ ಹಿಡಿದು ಕೂತೆವು. ಡಾಲ್‌ಹೌಸಿ ಪೂರ್ತಿ ಹೋಯಿತು, ಹೋಟೆಲ್ ದುಡ್ಡು ವಾಪಸ್ ಬಂತು. ಇಡೀ ಟೂರಿಗೆ ಹೇಳಿಟ್ಟಿದ್ದ ಟ್ಯಾಕ್ಸಿ ಬಿಟ್ಟೆವು. ಪಠಾಣ್‌ಕೋಟ್‌ನಿಂದ ಕಾಂಗ್ಡಾ ಕಣಿವೆಯ ಪುಟ್ಟ ರೈಲು ಹತ್ತುವ ಆಸೆ ಇತ್ತು. 2022ರ ಆಗಸ್ಟ್ ಮಳೆಗೆ ಚಕ್ಕಿ ನದಿಯ ಸೇತುವೆ ಕೊಚ್ಚಿಹೋಗಿ ಆ ಭಾಗ ನಿಂತಿತ್ತು. ಹಾಗಾಗಿ ಹಿಮಾಚಲದ ಸರ್ಕಾರಿ ಬಸ್ಸು. ಅಮೃತಸರದಲ್ಲಿ ಹೋಟೆಲ್ ಬೇಡ, ಬೆಳಿಗ್ಗೆ ಇಳಿದು ಸ್ವರ್ಣ ಮಂದಿರ ನೋಡಿ, ಲಂಗರ್‌ನಲ್ಲಿ ಉಂಡು, ರಾತ್ರಿ ದೆಹಲಿ ಗಾಡಿ.

ದೊಡ್ಡ ಉಳಿತಾಯ ಆಗಿದ್ದು ಹೋಮ್‌ಸ್ಟೇಯಲ್ಲಿ. ಮಾಲೀಕರಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಗಂಡನ ಕೆಲಸ ಹೋಗಿದೆ, ಬರಬೇಕು ಅಂತ ಇದೆ, ಎರಡು ರೂಮಿನ ಬದಲು ಒಂದು ಸಾಕು, ಏನು ಮಾಡಬಹುದು ಅಂತ ಕೇಳಿದೆ. ಅವರು ಒಂದು ರೂಮಿಗೆ ಎರಡು ಹಾಸಿಗೆ ಜಾಸ್ತಿ ಹಾಕಿಸುತ್ತೇನೆ, ಅಡುಗೆಮನೆ ನೀವೂ ಬಳಸಿ ಅಂದರು. ಮುಂಗಡವನ್ನು ಪೂರ್ತಿ ಹೊಂದಿಸಿಕೊಂಡರು. ಬಾರದಿದ್ದರೆ ಅಕ್ಟೋಬರ್‌ವರೆಗೆ ಆ ದುಡ್ಡು ನಿಮ್ಮ ಹೆಸರಲ್ಲೇ ಇರುತ್ತೆ ಅಂತಲೂ ಹೇಳಿದರು. ಸಣ್ಣ ಜಾಗದವರ ಜೊತೆ ಮಾತಾಡಿದರೆ ಸಿಗುವ ಅನುಕೂಲ ಆ್ಯಪ್‌ನಲ್ಲಿ ಗುಂಡಿ ಒತ್ತಿದರೆ ಸಿಗುವುದಿಲ್ಲ. ವೈಫೈ ಹೇಗಿದೆ, ಕರೆಂಟು ಹೋದರೆ ಇನ್ವರ್ಟರ್ ಇದೆಯಾ ಅಂತ ಅದೇ ಫೋನಿನಲ್ಲಿ ಕೇಳಿಕೊಂಡೆ.

ಕೊನೆಗೆ ರೈಲಿಗೆ 8,000, ಹೋಮ್‌ಸ್ಟೇ ಬಾಕಿ 9,000, ಬಸ್ಸು ಮತ್ತು ಓಡಾಟಕ್ಕೆ 4,000, ಊಟ ತಿಂಡಿ 7,000, ಅಮೃತಸರದ ಆಚೆಯ ರೈಲುಗಳಿಗೆ 3,000. ಒಟ್ಟು 31,000. ಗೆರೆ ದಾಟಲಿಲ್ಲ. ಹತ್ತು ತಿಂಗಳು ಒಂಬತ್ತರ ಹತ್ತಿರ ಬಂತು. ಹೋಗೋಣ ಅಂತ ಇವರೇ ಮೊದಲು ಅಂದರು.

ಜೇಲಂ ಸಂಜೆ ಪುಣೆ ಬಿಟ್ಟರೆ ಪಠಾಣ್‌ಕೋಟ್ ಮುಟ್ಟುವುದು ಮೂರನೇ ದಿನ ಬೆಳಿಗ್ಗೆ. ಅತ್ತೆ ಧಾರವಾಡದಿಂದ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಶೇಂಗಾ ಹೋಳಿಗೆ ಕಳಿಸಿದ್ದರು. ಗಾಡಿಯಲ್ಲಿ ಮೊಸರು, ಚಹಾ ಬಿಟ್ಟು ಏನೂ ಕೊಳ್ಳಲಿಲ್ಲ. ಇವರು ಲ್ಯಾಪ್‌ಟಾಪ್, ಇಸ್ತ್ರಿ ಮಾಡಿದ ಎರಡು ಅಂಗಿ ತಂದಿದ್ದರು. ದಿನಾ ಬೆಳಿಗ್ಗೆ ಹನ್ನೊಂದರವರೆಗೆ ಅವರ ಟೈಮ್, ಅರ್ಜಿ ಹಾಕುವುದು, ಫೋನ್ ಮಾಡುವುದು. ಆಮೇಲೆ ನಮ್ಮ ಜೊತೆ. ಒಂದು ವಿಡಿಯೊ ಇಂಟರ್‌ವ್ಯೂ ಅಲ್ಲಿಂದಲೇ ಆಯಿತು. ಹೋಮ್‌ಸ್ಟೇಯವರು ಊಟದ ಕೋಣೆ ಬಿಟ್ಟುಕೊಟ್ಟರು, ನಾನು ಮಕ್ಕಳನ್ನು ಕರಕೊಂಡು ನಾರ್ಬುಲಿಂಗ್ಕಾ ಅನ್ನೋ ಟಿಬೆಟಿಯನ್ ಕಲಾ ಸಂಸ್ಥೆ ಕಡೆ ಹೋದೆ. ಆ ಕೆಲಸ ಆಗಲಿಲ್ಲ. ಆದದ್ದು ಸೆಪ್ಟೆಂಬರ್‌ನಲ್ಲಿ, ಬೇರೆ ಕಡೆ, ಮೊದಲಿಗಿಂತ ಸ್ವಲ್ಪ ಕಡಿಮೆ ಸಂಬಳಕ್ಕೆ. ಫೋಟೊ ಮಾತ್ರ ಎಲ್ಲೂ ಹಾಕಲಿಲ್ಲ. ಅದು ಇವರ ಇಷ್ಟ, ಅದಕ್ಕೆ ಯಾರೂ ಎದುರು ಹೇಳಲಿಲ್ಲ.

ಹೋಗಿದ್ದು ಸರಿಯಾಯಿತು ಅಂತ ನನಗೆ ಇವತ್ತಿಗೂ ಅನಿಸುತ್ತದೆ. ಆದರೆ ಇದನ್ನು ಓದಿ ಯಾರೂ ಹೋಗಲೇಬೇಕು ಅಂದುಕೊಳ್ಳಬಾರದು. ಮರುವರ್ಷ ಕೋಥ್ರೂಡ್‌ನಲ್ಲಿರುವ ನನ್ನ ಬೆಳಗಾವಿಯ ಗೆಳತಿಗೆ ಇದೇ ಪರಿಸ್ಥಿತಿ ಬಂತು. ಗೋವಾಕ್ಕೆ ಬುಕ್ ಮಾಡಿದ್ದರು. ಅವಳು ಕೆಲಸಕ್ಕೆ ಹೋಗುವುದಿಲ್ಲ. ಅಂದರೆ ಅವರ ಕೊರತೆ ಅಂದರೆ ಪೂರ್ತಿ ಮನೆ ಖರ್ಚೇ. ಅದೇ ಲೆಕ್ಕ ಇಬ್ಬರೂ ಕೂತು ಹಾಕಿದೆವು. ಕೈಯಲ್ಲಿದ್ದದ್ದು ನಾಲ್ಕು ತಿಂಗಳಿಗೆ ಸಾಲುತ್ತಿರಲಿಲ್ಲ, ಮೇಲೆ ಮಾವನ ಕಣ್ಣಿನ ಆಪರೇಷನ್ ಇತ್ತು. ಎಷ್ಟು ಕತ್ತರಿಸಿದರೂ ಹೊಂದಲಿಲ್ಲ. ಅವಳು ಅಲ್ಲೇ ಕೂತು ರೈಲು ಟಿಕೆಟ್ ರದ್ದು ಮಾಡಿದಳು, ರೆಸಾರ್ಟಿನವರಿಗೆ ಫೋನ್ ಮಾಡಿ ಮುಂಗಡವನ್ನು ಮಳೆಗಾಲ ಕಳೆದ ಮೇಲಿನ ತಾರೀಖಿಗೆ ಹಾಕಿಸಿಕೊಂಡಳು.