ತಾತನ ಮೌಸರ್‌ಗೆ ಹೊಸ ಮರ ಕೂರಿಸಿದ್ದು: ನನ್ನ ಅನುಭವ

ಹಳೇ ರೈಫಲ್‌ಗೆ ಹೊಸ ಸ್ಟಾಕ್ (ಕಬ್ಬಿಣ ಕೂರೋ ಮರದ ಭಾಗ) ಹಾಕಿದೀನಿ ಅಂದ್ರೆ ಸಾಕು, ನೋಡಿದೋರೆಲ್ಲ ಕೈಲಿ ಒಂದ್ಸಲ ಸವರಿ, ಪಾಲಿಶ್ ಯಾವ್ದು ಹಾಕಿದ್ರಿ ಅಂತ ಕೇಳ್ತಾರೆ. ಪಾಲಿಶ್ ಕೊನೇ ಮಾತು ಕಣ್ರೀ. ಮರ ಉಳಿಯುತ್ತಾ ಸೀಳುತ್ತಾ ಅನ್ನೋದು ತೀರ್ಮಾನ ಆಗೋದು ಒಳಗಡೆ, ಕಬ್ಬಿಣ ಬಿಚ್ಚಿದ್ರೆ ಮಾತ್ರ ಕಾಣೋ ಎರಡು ಜಾಗದಲ್ಲಿ. ಅದಕ್ಕೇ ಈ ಬರಹದಲ್ಲಿ ಪಾಲಿಶ್ ಕಮ್ಮಿ, ಉಳಿ ಕೆಲಸ ಜಾಸ್ತಿ.

ರೈಫಲ್ ತಾತಂದು. ಬೆಲ್ಜಿಯಂನ ಎಫ್‌ಎನ್ ಕಂಪ್ನಿದು, ಮೌಸರ್ 98 ಆಕ್ಷನ್ (ಗುಂಡು ತುಂಬಿ ಹಾರ್ಸೋ ಕಬ್ಬಿಣದ ಭಾಗ), ಥರ್ಟಿ ನಾಟ್ ಸಿಕ್ಸ್ ಗುಂಡು. ನಮ್ಮದು ಶ್ರೀರಂಗಪಟ್ಟಣದ ಕಡೆ ಜಮೀನು, ತಾತನಿಂದ ಅಪ್ಪಂಗೆ, ಅಪ್ಪನಿಂದ ನಂಗೆ ಲೈಸೆನ್ಸ್ ಬಂತು. ಬೇಟೆ ಅನ್ನೋದು 1972ರ ವನ್ಯಜೀವಿ ಕಾಯ್ದೆ ಬಂದ್ಮೇಲೆ ಮುಗಿದ ಕತೆ, ಈಗ ಇದು ಹೊರಗೆ ಬರೋದು ಗುರಿ ಅಭ್ಯಾಸದ ರೇಂಜ್‌ಗೆ, ಇಲ್ಲಾ ಆಯುಧ ಪೂಜೆಗೆ ಕುಂಕುಮ ಇಡ್ಸಿಕೊಳ್ಳೋಕೆ, ಇಲ್ಲಾ ಎಲೆಕ್ಷನ್ ಬಂದಾಗ ಠಾಣೆಗೆ ಡಿಪಾಸಿಟ್ ಮಾಡೋಕೆ ಅಷ್ಟೇ.

ಹಳೇ ಮರ ಕೈ ಹಿಡಿಯೋ ಕತ್ತಿನ ಹತ್ರ ಸೀಳಿತ್ತು, ಯಾರೋ ಯಾವ್ದೋ ಕಾಲದಲ್ಲಿ ಅದಕ್ಕೆ ಹಿತ್ತಾಳೆ ತಂತಿ ಬಿಗಿದಿದ್ರು. ಅಂಟು ಹಾಕಿ ಕ್ಲಾಂಪ್ ಕೊಟ್ಟು ಮುಗ್ಸಣ ಅಂತ ನಂಗೂ ಆಸೆ, ಆದ್ರೆ ಕಬ್ಬಿಣ ಬಿಚ್ಚಿ ನೋಡಿದ್ರೆ ಒಳಗೆ ಮರ ಕರ್ರಗೆ, ಉಗುರಲ್ಲಿ ಒತ್ತಿದ್ರೆ ಇಳಿಯುತ್ತೆ. ವರ್ಷಾನುಗಟ್ಟಲೆ ನಳಿಗೆ ಮೇಲ್ಮಾಡಿ ನಿಲ್ಸಿರೋದು, ಹಚ್ಚಿದ ಎಣ್ಣೆಯೆಲ್ಲ ಇಳ್ಕೊಂಡು ಆಕ್ಷನ್ ಹಿಂದಿನ ಮರಕ್ಕೇ ಸೇರ್ಕೊಂಡಿದೆ. ಎಣ್ಣೆ ಕುಡಿದ ಮರಕ್ಕೆ ಯಾವ ಅಂಟೂ ಹಿಡಿಯಲ್ಲ. ಮೆತ್ತಗಾದ್ಮೇಲೆ ಏನಾಗುತ್ತೆ ಅಂದ್ರೆ, ಗುಂಡು ಹಾರಿದಾಗ ಬರೋ ಒದೆತಾನ ರಿಸೀವರ್ (ಆಕ್ಷನ್ನಿನ ಮೈ) ಕೆಳಗಿನ ರಿಕಾಯ್ಲ್ ಲಗ್ ಅನ್ನೋ ಉಬ್ಬು ಮರಕ್ಕೆ ಕೊಡ್ಬೇಕು, ಆ ಲಗ್ ಹಿಂದಿನ ಮರ ಕುಗ್ಗಿಹೋದ್ರೆ ಇಡೀ ಆಕ್ಷನ್ ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ಸರಿದು, ಅದರ ಹಿಂದಿರೋ ಬಾಲದಂಥ ತುದಿ, ಅಂದ್ರೆ ಟ್ಯಾಂಗ್, ಸೌದೆಗೆ ಹೊಡೆದ ಬೆಣೆ ಥರ ಮರಾನ ಸೀಳುತ್ತೆ. ಕತ್ತಲ್ಲಿ ಬಿರುಕು ಕಂಡ್ರೆ ಕಾಯಿಲೆ ಇರೋದು ಲಗ್ ಹತ್ರ.

ಕೆಲಸ ಶುರು ಮಾಡೋ ಮುಂಚೆ ಒಂದು ವಿಷ್ಯ. 1959ರ ಆರ್ಮ್ಸ್ ಆಕ್ಟ್ ಸೆಕ್ಷನ್ 5ರ ಪ್ರಕಾರ ಬಂದೂಕು ರಿಪೇರಿಗೇ ಬೇರೆ ಲೈಸೆನ್ಸ್ ಬೇಕು, ಇಟ್ಕೊಳ್ಳೋ ಲೈಸೆನ್ಸ್ ಇದೆ ಅಂತ ಮನೇಲಿ ಬಿಚ್ಕೊಂಡು ಕೂರಂಗಿಲ್ಲ. ಹಂಗಾಗಿ ಮೈಸೂರಲ್ಲಿ ರಿಪೇರಿ ಲೈಸೆನ್ಸ್ ಇರೋ ಅಂಗಡಿಗೆ ರೈಫಲ್ ಕೊಟ್ಟು ರಿಜಿಸ್ಟರ್‌ನಲ್ಲಿ ಎಂಟ್ರಿ ಮಾಡ್ಸಿದೆ. ಅಲ್ಲಿನ ಹಳೇ ಮಿಸ್ತ್ರಿ, ನಾವು ಚಾಚಾ ಅಂತೀವಿ, ಕಬ್ಬಿಣದ ಕೆಲಸ ಅವರದು, ಮರದ ಕೆಲಸ ನಂದು ಅಂತ ಒಪ್ಪಂದ. ಹೊರಗಿನ ಶೇಪ್ ಮನೇಲಿ ಮಾಡ್ದೆ, ಒಳಗಿನ ಕೆತ್ತನೆ ಪೂರ್ತಿ ಅವರ ಬೆಂಚಲ್ಲೇ, ಅವರ ಕಣ್ಣೆದುರಿಗೇ.

ಮರ ಯಾವ್ದು ಅನ್ನೋದಕ್ಕೆ ಮೈಸೂರಲ್ಲಿ ಎಲ್ರದೂ ಒಂದೇ ಉತ್ರ: ಬೀಟೆ. ಇನ್‌ಲೇ ಕೆಲಸದ ಊರಲ್ಲಿ ಬೇರೇನ್ ಹೇಳ್ತಾರೆ. ನಮ್ ಬೀದಿ ಆಚಾರ್ರಂತೂ "ಬೀಟೆ ಬಿಟ್ಟು ಇನ್ನೇನ್ ಹಾಕ್ತೀರಾ ಸ್ವಾಮಿ, ತಲೆಮಾರು ಕಳೀತದೆ" ಅಂದ್ರು. ಟೇಬಲ್‌ಗೆ ಸರಿ, ರೈಫಲ್‌ಗೆ ಬೇಡ. ಘನ ಮೀಟರ್‌ಗೆ ಹತ್ರತ್ರ 850 ಕೆಜಿ ತೂಗುತ್ತೆ, ಅಕ್ರೋಟ್ 640 ಆಸುಪಾಸು. ತೂಕ ಹೋಗ್ಲಿ ಅಂದ್ರೂ ಬೀಟೆ ಗಟ್ಟಿ ಆದ್ರೂ ಪೆಡಸು, ಕತ್ತಿನಂಥ ಸಣ್ಣ ಜಾಗದಲ್ಲಿ ಪೆಟ್ಟು ಬಿದ್ರೆ ಚಕ್ಕೆ ಏಳುತ್ತೆ. ತೇಗ ಉದ್ದಕ್ಕೆ ಸೀಳೋ ಜಾತಿ. ಅಕ್ರೋಟ್ ಹಗುರ, ಒದೆತ ತಡ್ಕೊಳುತ್ತೆ, ಉಳಿಗೆ ಬೆಣ್ಣೆ ಹಾಗೆ ಬರುತ್ತೆ ಅಂತ ಹೇಳೋರೂ ಇದಾರೆ, ಅಷ್ಟೇನಿಲ್ಲ, ಆದ್ರೆ ಗೆರೆ ಕೊಟ್ಟ ಕಡೆ ನಿಲ್ಲುತ್ತೆ. ಕಾಶ್ಮೀರದ ಅಕ್ರೋಟ್ ಹಲಗೆ ಪರಿಚಯದ ಕೆತ್ತನೆ ಕೆಲಸದೋರ ಮೂಲಕ ತರ್ಸಿದೆ, 32 ಇಂಚು ಉದ್ದ, ಎರಡೂ ಕಾಲು ಇಂಚು ದಪ್ಪ. ಹೂವಿನ ಥರ ಸುಳಿ ಇರೋ ಹಲಗೆ ನೋಡಿ ಮರುಳಾಗ್ಬೇಡಿ, ಸುಳಿ ಹಿಂಬದಿ ಅಗಲದ ಭಾಗದಲ್ಲಿದ್ರೆ ಚಂದ, ಕತ್ತಲ್ಲಿ ಮಾತ್ರ ನಾರು ನೇರ ಕತ್ತಿನ ಉದ್ದಕ್ಕೇ ಓಡ್ಬೇಕು. ಅಡ್ಡಡ್ಡ ಓಡಿದ್ರೆ ಎಷ್ಟೇ ದುಬಾರಿ ಮರ ಆಗ್ಲಿ ಅಲ್ಲೇ ಮುರಿಯೋದು. ಬೀಟೆ ಆಸೆ ತೀರ್ಲಿ ಅಂತ ಹಳೇ ಮಂಚದ ಕಾಲಿಂದ ಒಂದು ತುಂಡು ತಗೊಂಡು ಮುಂದಿನ ತುದಿಗೆ ಮೂತಿ ಮಾಡ್ದೆ. ಅದನ್ನ ಉಜ್ಜೋವಾಗ ಮೂಗಿಗೆ ಮಾಸ್ಕ್ ಹಾಕೊಳ್ಳಿ, ಬೀಟೆ ಧೂಳು ಕೆಲವರಿಗೆ ಮೈಗೂ ಆಗಲ್ಲ, ಉಸಿರಿಗೂ ಆಗಲ್ಲ.

ಅಳತೆಗೆ ಹಳೇ ಮರವೇ ಗುರು. ತೆಳು ಪ್ಲೈವುಡ್ ಮೇಲೆ ಅದರ ಪಕ್ಕದ ಆಕಾರ ಇಳಿಸ್ಕೊಂಡೆ. ಟ್ರಿಗರ್‌ನಿಂದ ಹಿಂಬದಿ ಕೊನೆಗೆ ತಾತನ ಅಳತೆ 14 ಇಂಚು, ತಾತ ಆರಡಿ ಆಳು, ನಂಗೆ ಹದಿಮೂರೂವರೆ ಸಾಕು, ಅದೂ ಹಿಂದೆ ಹಾಕೋ ರಬ್ಬರ್ ಪ್ಯಾಡ್ ಸೇರ್ಸಿ. ಕೆನ್ನೆ ಇಡೋ ಎತ್ತರ ಮುಟ್ಲಿಲ್ಲ, ಯಾಕಂದ್ರೆ ಇದ್ರಲ್ಲಿರೋದು ಗುರಿ ಹಿಡಿಯೋ ಕಬ್ಬಿಣದ ಸೈಟು. ದುರ್ಬೀನು ಹಾಕೋರು ಮಾತ್ರ ಅದನ್ನ ಏರಿಸ್ಕೊಬೇಕು, ಇಲ್ಲಾಂದ್ರೆ ಕತ್ತು ಎತ್ತಿ ಎತ್ತಿ ನೋಡ್ಬೇಕಾಗುತ್ತೆ.

ಇನ್ನು ಒಳಗಿನ ಕೆತ್ತನೆ. ಹೊರಗಿನ ಶೇಪ್‌ಗೆ ಮುಂಚೆ ಇದನ್ನೇ ಮಾಡಿ, ಹಲಗೆ ಚೌಕಾಗಿ ಇದ್ದಾಗ್ಲೇ ವೈಸ್‌ನಲ್ಲಿ ನೆಟ್ಟಗೆ ಕೂರುತ್ತೆ, ಸೆಂಟರ್ ಗೆರೆ ತಪ್ಪಲ್ಲ. ಮೊದ್ಲು ಬೇಕಾಗೋದು ಎರಡು ಉದ್ದನೆಯ ತಲೆ ಇಲ್ಲದ ಸ್ಕ್ರೂ, ಆಕ್ಷನ್ ಪ್ರತಿಸಲ ಒಂದೇ ದಾರೀಲಿ ಇಳಿದು ಏರೋಕೆ. ಹಾರ್ಡ್‌ವೇರ್ ಅಂಗಡಿ ಕಾಲಿಂಚು ಬೋಲ್ಟ್ ತಂದು ತಿರುಗಿಸೋಕೆ ಹೋಗ್ಬೇಡಿ, ಅದು ಇಂಚಿಗೆ 20 ಸುತ್ತು, ಮೌಸರ್‌ದು 22, ಎರಡು ಸುತ್ತು ಹೋಗಿ ಬಿಗಿಯುತ್ತೆ, ಬಲವಂತ ಮಾಡಿದ್ರೆ ರಿಸೀವರ್ ಒಳಗಿನ ಮರೆ (ಸ್ಕ್ರೂ ಕೂರೋ ಸುತ್ತು ಗೆರೆ) ಹೋಯ್ತು. ಚಾಚಾ ಲೇತ್‌ನಲ್ಲಿ ಸರಿಯಾದ ಮರೆ ಹಾಕಿ ಕೊಟ್ರು.

ಆಮೇಲೆ ಕಪ್ಪು ಮಸಿ, ಕಬ್ಬಿಣ ಮರಕ್ಕೆ ಎಲ್ಲಿ ತಾಗುತ್ತೆ ಅಂತ ತೋರ್ಸೋಕೆ. ವಿದೇಶದಲ್ಲಿ ಇದಕ್ಕೇ ಅಂತ ಬಣ್ಣ ಮಾರ್ತಾರಂತೆ, ನಾನು ದೀಪದ ಮಸಿಗೆ ಹರಳೆಣ್ಣೆ ಕಲ್ಸಿ ಕಬ್ಬಿಣಕ್ಕೆ ತೆಳ್ಳಗೆ ಸವರ್ದೆ. ಇಳ್ಸೋದು, ಮರದ ಸುತ್ತಿಗೇಲಿ ಮೆಲ್ಲಗೆ ತಟ್ಟೋದು, ಎತ್ತೋದು, ಕಪ್ಪು ಅಂಟಿದ ಕಡೆ ಮಾತ್ರ ಉಳೀಲಿ ಕೆರೆಯೋದು, ಮತ್ತೆ ಇಳ್ಸೋದು. ಬೇಜಾರಿನ ಕೆಲಸ. ಮೊದಮೊದ್ಲು ದಪ್ಪ ಚಕ್ಕೆ, ಕೊನೆಕೊನೆಗೆ ಈರುಳ್ಳಿ ಸಿಪ್ಪೆಗಿಂತ ತೆಳು. ಲಗ್‌ನ ಹಿಂದಿನ ಮುಖಕ್ಕೆ ಎದುರಾಗೋ ಮರದ ಮೇಲೆ ಕಪ್ಪು ಪೂರ್ತಿ, ಸಮನಾಗಿ ಬರೋವರ್ಗೂ ಬಿಡಬಾರ್ದು, ಒಂದೇ ಮೂಲೇಲಿ ಕಪ್ಪು ಕಂಡ್ರೆ ಒದೆತ ಪೂರ್ತಿ ಆ ಮೂಲೆಗೇ. ಟ್ಯಾಂಗ್ ಹಿಂದೆ ಇದಕ್ಕೆ ಉಲ್ಟಾ: ಅಲ್ಲಿ ಮುಟ್ಟಲೇಬಾರ್ದು, ಅರ್ಧ ಮಿಲಿಮೀಟರ್ ಸಂದು ಬಿಟ್ಟೆ. ಸಂದು ನೋಡಿ ಕೆಲಸ ಚೆನ್ನಾಗಿಲ್ಲ ಅನ್ನೋರಿದಾರೆ, ಅನ್ಲಿ ಬಿಡಿ. ಇವೇ ಆ ಎರಡು ಜಾಗ.

ಜೊತೆಗೆ ಇನ್ನೊಂದು ಸಣ್ಣದು, ಗುಂಡು ತುಂಬೋ ಮ್ಯಾಗಜಿನ್ ಡಬ್ಬಿಯ ಮೇಲಂಚು ರಿಸೀವರ್‌ಗೆ ತಾಗಬಾರ್ದು, ತಾಗಿದ್ರೆ ಸ್ಕ್ರೂ ಬಿಗಿ ಆಗೋದು ಕಬ್ಬಿಣ ಕಬ್ಬಿಣಕ್ಕೆ, ಮರ ಮಧ್ಯದಲ್ಲಿ ಸಡಿಲವಾಗೇ ಇರುತ್ತೆ. ಹಿಂದಿನ ಸ್ಕ್ರೂ ತೂತಲ್ಲಿ ಒಂದು ಸಣ್ಣ ಉಕ್ಕಿನ ಕೊಳವೆ ಇರುತ್ತೆ, ಹಳೇ ಮರದ ಜೊತೆ ಅದನ್ನ ಬಿಸಾಕ್ಬೇಡಿ, ಮೇಲಿನ ಕಬ್ಬಿಣಕ್ಕೂ ಕೆಳಗಿನ ಕಬ್ಬಿಣಕ್ಕೂ ಮಧ್ಯೆ ಅಂತರ ಕಾಯೋದು ಅದೇ.

ಲಗ್ ಹಿಂದೆ ಸ್ವಲ್ಪ ಮರ ತೆಗ್ದು ಅರಾಲ್ಡೈಟ್ ತುಂಬಿದ್ದೂ ಉಂಟು, ನಿಧಾನಕ್ಕೆ ಗಟ್ಟಿ ಆಗೋದೇ ತಗೊಳ್ಳಿ, ಐದು ನಿಮಿಷದ್ದು ಬೇಡ. ಲಗ್‌ನ ಮುಂದೆ, ಪಕ್ಕ, ತಳಕ್ಕೆ ಟೇಪ್ ಹಾಕಿ ಹಿಂದಿನ ಮುಖ ಮಾತ್ರ ಬಿಟ್ಟೆ, ಕಬ್ಬಿಣಕ್ಕೆಲ್ಲ ಶೂ ಪಾಲಿಶ್ ಎರಡು ಕೈ ಬಳಿದೆ, ಸ್ಕ್ರೂ ತೂತುಗಳಿಗೆ ಮಕ್ಕಳಾಡೋ ಕ್ಲೇ ತುಂಬಿದೆ. ಇದ್ರಲ್ಲಿ ಒಂದು ಬಿಟ್ರೂ ಆಕ್ಷನ್ ಮರದೊಳಗೆ ಶಾಶ್ವತವಾಗಿ ಸೆಟ್ಲ್ ಆಗುತ್ತೆ. ನಳಿಗೆ ಕೆಳಗಿನ ಕಾಲುವೆ ಮಾತ್ರ ಸಡಿಲ ಇಟ್ಟೆ, ನೂರರ ನೋಟು ನಳಿಗೆಗೂ ಮರಕ್ಕೂ ಮಧ್ಯೆ ತುದಿಯಿಂದ ರಿಸೀವರ್ ಹತ್ರದವರೆಗೂ ಜಾರ್ಬೇಕು. ನಮ್ಮಲ್ಲಿ ಏಪ್ರಿಲ್‌ಗೆ ಒಣಗಿದ ಮರ ಜುಲೈಗೆ ಉಬ್ಬುತ್ತೆ, ನಳಿಗೆಗೆ ಒಂದು ಕಡೆಯಿಂದ ಒತ್ತಿದ್ರೆ ಗುರಿ ಆಚೆ ಈಚೆ ಹೋಗುತ್ತೆ.

ಹೊರಗಿನ ಶೇಪ್ ಅರದಲ್ಲಿ, ಆಮೇಲೆ ಉಪ್ಪು ಪೇಪರ್ 120ರಿಂದ 400ರವರೆಗೆ. ಮಧ್ಯೆ ಮಧ್ಯೆ ಒದ್ದೆ ಬಟ್ಟೆ ಸವರಿ ಒಣಗಿಸಿ, ಎದ್ದ ನಾರು ಮತ್ತೆ ಉಜ್ಜಿ. ಪಾಲಿಶ್ ಕೇಳೋರಿಗೆ: ಬಾಯ್ಲ್ಡ್ ಲಿನ್ಸೀಡ್ ಆಯಿಲ್, ಪೇಂಟ್ ಅಂಗಡೀಲಿ ಸಿಗೋದೇ. ಮೊದಲ ಕೈಗೆ ಟರ್ಪೆಂಟೈನ್ ಬೆರ್ಸಿ, ಆಮೇಲೆ ಬರೀ ಎಣ್ಣೆ, ಅಂಗೈ ಬಿಸಿ ಆಗೋವರ್ಗೂ ತಿಕ್ಕಿ, ಒಂದು ಕೈ ಪೂರ್ತಿ ಒಣಗಿದ್ಮೇಲೆ ಇನ್ನೊಂದು. ಮಳೆಗಾಲದಲ್ಲಿ ಶುರು ಮಾಡಿದ್ರೆ ಒಣಗೋದೇ ಇಲ್ಲ. ಒಳಗಿನ ಕೆತ್ತನೆಗೂ, ರಬ್ಬರ್ ಪ್ಯಾಡ್ ಅಡಿ ಮರದ ತುದಿಗೂ ತಪ್ಪದೆ ಹಚ್ಚಿ, ನೀರು ನುಗ್ಗೋದೇ ಅಲ್ಲಿಂದ. ಎಣ್ಣೆ ಬಟ್ಟೆ ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೀಬೇಡಿ, ತಾನಾಗೇ ಕಾದು ಬೆಂಕಿ ಹತ್ಕೊಳುತ್ತೆ. ಬಿಡ್ಸಿ ಹೊರಗೆ ಒಣಗಾಕಿ, ಇಲ್ಲಾ ನೀರಲ್ಲಿ ಮುಳುಗ್ಸಿ.

ಜೋಡ್ಸಿದ್ಮೇಲೆ ಚಾಚಾ ಗುಂಡನ್ನ ಒಳಗೆ ತಳ್ಳೋ ಬೋಲ್ಟ್ ಹಾಕಿ, ಅದರ ಹಿಡಿ ಮರಕ್ಕೆ ತಾಗಲ್ಲ ಅಂತ ನೋಡಿ, ಸೇಫ್ಟಿ, ಟ್ರಿಗರ್ ಎಲ್ಲಾ ಪರೀಕ್ಷೆ ಮಾಡಿ, ಮುಂದಿನ ಸ್ಕ್ರೂ ಮೊದ್ಲು, ಹಿಂದಿಂದು ಆಮೇಲೆ ಬಿಗಿದ್ರು. ರೇಂಜ್‌ನಲ್ಲಿ ಹೊಡೆದು ಬಂದು ಮತ್ತೆ ಬಿಚ್ಚಿಸಿ ನೋಡಿದ್ವಿ, ಲಗ್ ಹಿಂದೆ ಕುಗ್ಗಿಲ್ಲ, ಟ್ಯಾಂಗ್ ಹಿಂದೆ ಸಂದು ಹಂಗೇ ಇದೆ, ಮುಂದಿನ ಸ್ಕ್ರೂ ಒಂಚೂರು ಸಡಿಲ ಆಗಿತ್ತು. ಹೊಸ ಮರ ಕೂತ್ಕೊಳ್ಳೋವಾಗ ಅದು ಮಾಮೂಲಿ, ಬಿಗಿದಾಯ್ತು. ಮಳೆಗಾಲ ಮುಗಿದ್ಮೇಲೆ ಇನ್ನೊಂದ್ಸಲ ನೋಟು ಜಾರ್ಸಿ ನೋಡ್ಬೇಕು, ಮತ್ತೆ ಬೀರೂಲಿ ಇಡೋವಾಗ ನಳಿಗೆ ಕೆಳಗ್ಮಾಡಿ, ಅಡೀಗೊಂದು ಬಟ್ಟೆ ಹಾಕಿ ಇಡ್ತಿದೀನಿ.