ಬನದ ಹುಣ್ಣಿಮೆ ಗೊತ್ತಿಲ್ಲದೆ ಬಾದಾಮಿಗೆ ಹೋದ ಐದು ಜನ

ನಮ್ಮ ಹಾಸ್ಟೆಲಿನಲ್ಲಿ ಯಾರನ್ನೂ ಸ್ವಂತ ಹೆಸರಿನಿಂದ ಕರೆಯುವುದಿಲ್ಲ. ಯಾವ ಊರಿಂದ ಬಂದರೋ ಅದೇ ಹೆಸರು. ನಾನು ತುಮಕೂರು. ನನ್ನ ಜೊತೆ ಹೊರಟವರು ಮಂಡ್ಯ, ಶಿರಸಿ, ಕಲಬುರಗಿ ಮತ್ತು ಗದಗ. 2024ರಲ್ಲಿ ಜನವರಿ 26 ಶುಕ್ರವಾರ ಬಿದ್ದಿತ್ತು. ಶನಿವಾರ ಕ್ಲಾಸ್ ಇರಲಿಲ್ಲ. ಅಂದರೆ ಮೂರು ದಿನ ರಜೆ. ಗದಗನ ಮಾವನ ಹಳೇ ವ್ಯಾಗನ್‌ಆರ್ ಇತ್ತು. ಹುಬ್ಬಳ್ಳಿಗೆ ಬಂದು ಮೂರು ವರ್ಷ ಆಗಿದ್ದರೂ ನೂರು ಕಿಲೋಮೀಟರ್ ದೂರದ ಬಾದಾಮಿಯನ್ನು ನಾನು ನೋಡಿರಲಿಲ್ಲ. ಯಾರಾದರೂ ಕೇಳಿದರೆ ನಾಚಿಕೆಯಾಗುತ್ತಿತ್ತು.

ಪ್ಲ್ಯಾನ್ ಮಾಡಿದ್ದು ಶಿರಸಿ. ಅವನು ಊಟಕ್ಕೆ ಹೋಗಬೇಕಾದರೂ ಎಕ್ಸೆಲ್ ಶೀಟ್ ತೆರೆಯುವ ಮನುಷ್ಯ. ಶುಕ್ರವಾರ ಮಧ್ಯಾಹ್ನ ಗುಹೆ, ಸಂಜೆ ಮ್ಯೂಸಿಯಂ, ರಾತ್ರಿ ಬಾದಾಮಿಯಲ್ಲಿ ರೂಮು. ಶನಿವಾರ ಪಟ್ಟದಕಲ್ಲು, ಐಹೊಳೆ. ಭಾನುವಾರ ಕೂಡಲಸಂಗಮ ನೋಡಿ ವಾಪಸ್. ಪೆಟ್ರೋಲಿಗೆ, ಊಟಕ್ಕೆ, ಟಿಕೆಟ್ಟಿಗೆ ಬೇರೆ ಬೇರೆ ಕಾಲಂ. ಇರದೇ ಇದ್ದದ್ದು ಪಂಚಾಂಗದ ಕಾಲಂ ಒಂದೇ.

ಗುರುವಾರ ರಾತ್ರಿ ಮೆಸ್ಸಿನಲ್ಲಿ ಬಡಿಸುತ್ತಿದ್ದ ಅಣ್ಣ ಕೇಳಿದರು, "ಬಾದಾಮಿಗಾ? ಈಗ? ಬನಶಂಕರಿ ಜಾತ್ರಿ ಐತಿ ಅಲ್ರಪಾ." ಎಲ್ಲರೂ ಗದಗನ ಮುಖ ನೋಡಿದೆವು. ಅವನು ಸಾರು ಕಲಸುತ್ತಾ ಹೇಳಿದ, "ಹೌದು, ಇವತ್ತು ಬನದ ಹುಣ್ಣಿವಿ. ತೇರು ಇವತ್ತ ಎಳೀತಾರ. ನಾಳೆ ಎಲ್ಲಾ ಖಾಲಿ." ನಂಬಿದೆವು. ಆ ಜಾತ್ರೆ ತೇರಿನ ದಿನ ಮುಗಿಯುವುದಿಲ್ಲ, ಹೆಚ್ಚುಕಡಿಮೆ ಒಂದು ತಿಂಗಳು ನಡೆಯುತ್ತದೆ ಅಂತ ಅವನಿಗೂ ಗೊತ್ತಿರಲಿಲ್ಲ. ಚಿಕ್ಕವನಿದ್ದಾಗ ಒಮ್ಮೆ ಅಜ್ಜನ ಹೆಗಲ ಮೇಲೆ ಕೂತು ನೋಡಿದ್ದನಂತೆ, ಅಷ್ಟೇ.

ಶುಕ್ರವಾರ ಕಾಲೇಜಿನಲ್ಲಿ ಧ್ವಜಾರೋಹಣ ಮುಗಿಸಿ, ಕೊಟ್ಟ ಬೂಂದಿ ಲಾಡು ಜೇಬಿಗಿಟ್ಟುಕೊಂಡು ಹೊರಟಾಗ ಒಂಬತ್ತೂವರೆ. ನವಲಗುಂದ, ನರಗುಂದ ದಾಟಿ ಕುಳಗೇರಿ ಕ್ರಾಸಿನಲ್ಲಿ ಬಲಕ್ಕೆ ತಿರುಗಬೇಕು. ಅಲ್ಲಿವರೆಗೆ ರಸ್ತೆ ಚೆನ್ನಾಗಿತ್ತು. ಎರಡೂ ಕಡೆ ಎರಿಭೂಮಿ. ಹಿಂದಿನ ಮಳೆಗಾಲ ಕೈಕೊಟ್ಟಿತ್ತಲ್ಲ, ಜೋಳ ಅಲ್ಲಲ್ಲಿ ಮೊಣಕಾಲುದ್ದಕ್ಕೇ ನಿಂತುಬಿಟ್ಟಿತ್ತು. ಕ್ರಾಸ್ ದಾಟಿದ ಮೇಲೆ ಟ್ರ್ಯಾಕ್ಟರ್ ಶುರುವಾದವು. ಟ್ರೇಲರಿನಲ್ಲಿ ಇಡೀ ಮನೆತನ, ಮಧ್ಯೆ ರೊಟ್ಟಿ ಗಂಟು. ಬಾದಾಮಿ ಹತ್ತಿರ ಬರುವಷ್ಟರಲ್ಲಿ ನಮ್ಮ ಕಾರಿಗಿಂತ ನಡೆದು ಹೋಗುವವರೇ ಮುಂದಿದ್ದರು.

ಲಾಡ್ಜಿನವರು ವಾರದ ಹಿಂದೆ ಫೋನಿನಲ್ಲಿ "ಬರ್ರಿ, ನೋಡೋಣಂತ" ಅಂದಿದ್ದರು. ಅದನ್ನು ನಾವು ಬುಕಿಂಗ್ ಅಂತ ತಿಳಿದಿದ್ದೆವು. ಅಡ್ವಾನ್ಸ್ ಕೊಟ್ಟಿರಲಿಲ್ಲ. ಅವರ ಮೇಲೆ ನನಗೆ ಸಿಟ್ಟೇನಿಲ್ಲ. "ನೋಡೋಣ" ಅಂದರೆ ಇಲ್ಲ ಅಂತಲೇ ಅರ್ಥ ಅನ್ನುವುದು ಕನ್ನಡ ಮಾತಾಡುವ ಯಾರಿಗಾದರೂ ಗೊತ್ತಿರಬೇಕಿತ್ತು. ಇನ್ನೂ ನಾಲ್ಕು ಕಡೆ ವಿಚಾರಿಸಿದೆವು. ಒಂದು ಕಡೆ ಮೆಟ್ಟಿಲ ಕೆಳಗೂ ಚಾಪೆ ಹಾಸಿಕೊಂಡು ಮಲಗಿದ್ದರು.

ಎರಡು ಗಂಟೆಗೆ ಗುಹೆಗೆ ಹೋದೆವು. ಪ್ರವಾಸದಲ್ಲಿ ನಾವು ಮಾಡಿದ ಅತಿ ದೊಡ್ಡ ತಪ್ಪು ಇದೇ. ಜನವರಿ ಅಂದರೆ ಶಾಲಾ ಪ್ರವಾಸಗಳ ಕಾಲ. ಜೊತೆಗೆ ಬೆಂಗಳೂರಿನಿಂದ ಬಂದ ರಜೆಯ ಜನ. ಮೇಲೆ ಜಾತ್ರೆಗೆ ಬಂದವರು. ಮೊದಲ ಗುಹೆಯ ಹದಿನೆಂಟು ಕೈಗಳ ನಟರಾಜನ ಮುಂದೆ ಅಷ್ಟೇ ಸಂಖ್ಯೆಯ ಮೊಬೈಲುಗಳು ಎದ್ದಿದ್ದವು. ಕೋತಿಯೊಂದು ಮಂಡ್ಯನ ಜೇಬಿನಿಂದ ಲಾಡು ಕಿತ್ತುಕೊಂಡು, ಅವನ ಎದುರೇ ಕೂತು ತಿಂದಿತು. ಮೂರನೇ ಗುಹೆ ಇರುವುದರಲ್ಲೇ ದೊಡ್ಡದು, ಕ್ರಿ.ಶ. 578ರ ಶಾಸನ ಇರುವುದು ಅಲ್ಲೇ. ಜನ ತಳ್ಳಿಕೊಂಡು ಹೋದ ರಭಸಕ್ಕೆ ನಾನು ಅದರ ಒಳಗೆ ಒಂದು ಬಾಗಿಲಿಂದ ಹೋಗಿ ಇನ್ನೊಂದು ಕಡೆಯಿಂದ ಹೊರಗೆ ಬಂದೆ, ಅಷ್ಟೇ. ಕೆಳಗಿಳಿದು ಅಗಸ್ತ್ಯತೀರ್ಥದ ದಂಡೆಯ ಮ್ಯೂಸಿಯಂಗೆ ಹೋದರೆ ಬೀಗ. ಶುಕ್ರವಾರ ರಜೆಯಂತೆ. ಶಿರಸಿ ಮೊಬೈಲ್ ತೆಗೆದು ಆ ಸಾಲನ್ನು ಕೆಂಪು ಮಾಡಿದ.

ಸಂಜೆ ಬನಶಂಕರಿಗೆ ಹೋಗುವ ತೀರ್ಮಾನ ಯಾರದ್ದೋ ಗೊತ್ತಿಲ್ಲ. ಬೇರೆ ದಾರಿಯೂ ಇರಲಿಲ್ಲ, ವಾಹನಗಳೆಲ್ಲ ಆ ಕಡೆಗೇ ಹರಿಯುತ್ತಿದ್ದವು. ಐದು ಕಿಲೋಮೀಟರಿಗೆ ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. ಪೊಲೀಸರು ದಾರಿ ಬದಲಿಸಿದ್ದು ಮೊಬೈಲ್ ಮ್ಯಾಪಿಗೆ ಗೊತ್ತಿರುವುದಿಲ್ಲ. ಅದು ಹೇಳಿದಂತೆ ತಿರುಗಿ ಒಂದು ದನದ ಕೊಟ್ಟಿಗೆಯ ಮುಂದೆ ನಿಂತೆವು. ಆಮೇಲೆ ಮ್ಯಾಪ್ ಮುಚ್ಚಿ ಒಂದು ಟ್ರ್ಯಾಕ್ಟರಿನ ಹಿಂದೆ ಬಿದ್ದೆವು. ಕೊಯ್ದ ಹೊಲವೊಂದರಲ್ಲಿ ಐವತ್ತು ರೂಪಾಯಿ ಕೊಟ್ಟು ಕಾರು ನಿಲ್ಲಿಸಿದೆವು. ಅಲ್ಲಿ ಇನ್ನೊಂದು ಸಮಸ್ಯೆ. ಅಷ್ಟು ಜನ ಒಂದೇ ಕಡೆ ಸೇರಿದ್ದಕ್ಕೆ ನೆಟ್‌ವರ್ಕ್ ಸತ್ತಿತ್ತು, ಯುಪಿಐ ನಡೆಯಲಿಲ್ಲ. ತಲೆಗೆ 1,500ರಂತೆ ಒಟ್ಟು ಮಾಡಿದ್ದ ದುಡ್ಡೆಲ್ಲ ಶಿರಸಿಯ ಖಾತೆಯಲ್ಲಿತ್ತು. ಕೈಯಲ್ಲಿದ್ದದ್ದು ಐದೂ ಜನರದ್ದು ಸೇರಿ 1,340 ರೂಪಾಯಿ. ಜಾತ್ರೆಗೆ ಹೋಗುವವರು ನೋಟು ಇಟ್ಟುಕೊಳ್ಳಿ. ಬೇರೆ ಯಾವ ಬುದ್ಧಿಮಾತೂ ನನ್ನ ಹತ್ತಿರ ಇಲ್ಲ.

ಆ 1,340ರಲ್ಲಿ ನಾವು ರಾಜರ ಹಾಗೆ ಇದ್ದೆವು. ಗುಡಿಯ ಮುಂದಿನ ದೊಡ್ಡ ಹೊಂಡ, ಹರಿದ್ರಾ ತೀರ್ಥ. ಅದರ ಹತ್ತಿರ ಬುಟ್ಟಿ ಇಟ್ಟುಕೊಂಡು ಕೂತ ಅಜ್ಜಿಯರು. ಒಬ್ಬ ಅಜ್ಜಿ ನಮ್ಮನ್ನು ಕರೆಯಲೂ ಇಲ್ಲ, ಕೈ ಸನ್ನೆ ಮಾಡಿ ಕೂರಿಸಿದರು. ಮೊದಲು ಜೋಳದ ರೊಟ್ಟಿ. ಅದರ ಮೇಲೇ ಹೆಸರುಕಾಳಿನ ಪಲ್ಯ, ಬದನೆಕಾಯಿ, ಒಂದು ಚಿಟಿಕೆ ಶೇಂಗಾ ಹಿಂಡಿ, ಅಂಚಿಗೆ ಕರಿಂಡಿ. ನಡುವೆ ಹೆಬ್ಬೆರಳಿನಿಂದ ಗುಳಿ ಮಾಡಿ ಅದಕ್ಕೆ ಗಟ್ಟಿ ಮೊಸರು. ಕರಿಂಡಿ ನಮ್ಮ ಕಡೆ ಇಲ್ಲ. ಅಗಸಿ, ಹಸಿಮೆಣಸಿನಕಾಯಿ, ತರಕಾರಿ ಹಾಕಿ ಹುಳಿ ಬರಿಸುತ್ತಾರೆ. ಮೊದಲ ತುತ್ತಿಗೆ ಮೂಗು ಮುಚ್ಚಿಕೊಂಡ ಮಂಡ್ಯ ಮೂರನೇ ರೊಟ್ಟಿಗೆ ಅದನ್ನೇ ಕೇಳಿದ. "ಹೊಟ್ಟಿ ತುಂಬ ಉಣ್ರಿ, ರೊಕ್ಕದ ಮಾತು ಆಮ್ಯಾಲೆ" ಅಂದರು ಅಜ್ಜಿ. ಒಬ್ಬರಿಗೆ ಅರವತ್ತು ತೆಗೆದುಕೊಂಡರು. ತೇರಿನ ಹಿಂದಿನ ದಿನ ಪಲ್ಲೇದ ಹಬ್ಬ, ದೇವಿಗೆ 108 ಬಗೆಯ ಪಲ್ಯ ಎಡೆ ಹಿಡಿಯುತ್ತಾರೆ ಅಂತ ಅವರೇ ಹೇಳಿದರು. ನಮಗೆ ಸಿಕ್ಕಿದ್ದು ಎರಡೇ ಬಗೆ. ಸಾಕಾಗಿತ್ತು.

ಜಾತ್ರೆ ಅಂದರೆ ಬಳೆ, ಪೀಪಿ, ಬತ್ತಾಸು ಅಂದುಕೊಂಡಿದ್ದೆ. ಇಲ್ಲಿ ಬಾಗಿಲು ಮಾರುತ್ತಾರೆ! ಮನೆ ಬಾಗಿಲಿನ ಚೌಕಟ್ಟು, ಕಿಟಕಿ, ಕೆತ್ತನೆ ಮಾಡಿದ ಹೊಸ್ತಿಲು, ಎಲ್ಲವನ್ನೂ ಸಾಲಾಗಿ ನಿಲ್ಲಿಸಿದ್ದರು. ಗೋಡೆ ಇಲ್ಲ, ಮನೆ ಇಲ್ಲ, ಬರೀ ಬಾಗಿಲು. ಒಂದರ ಹಿಂದೆ ಒಂದು. ಹೊಸ ಮನೆ ಕಟ್ಟುವವರು ಜಾತ್ರೆಗೆಂದು ಕಾದು ಕೂತು ಕೊಳ್ಳುತ್ತಾರಂತೆ. ಗಂಡ ಹೆಂಡತಿ ಇಬ್ಬರು ಒಂದು ಚೌಕಟ್ಟಿನ ಒಳಗೆ ನಿಂತು, ಅವನ ತಲೆ ತಾಗುತ್ತದೋ ಇಲ್ಲವೋ ನೋಡುತ್ತಿದ್ದರು. ಆಕೆ ಬಾಗಿಲಿನ ಆಚೆ ಹೋಗಿ ಒಳಗೆ ಬಂದ ಹಾಗೆ ಮಾಡಿದಳು. ಕಲಬುರಗಿ ಫೋಟೋ ತೆಗೆಯಲು ಹೋದವನು ಸುಮ್ನೆ ಕೈ ಇಳಿಸಿದ.

ರೂಮಿನ ಚಿಂತೆ ಬಗೆಹರಿಸಿದ್ದು ನಾಟಕದ ಕಂಪನಿ. ಈ ಜಾತ್ರೆಗೆ ವೃತ್ತಿ ಕಂಪನಿಗಳು ಬಂದು ತಗಡಿನ ಥಿಯೇಟರ್ ಹಾಕುತ್ತವೆ. ರಾತ್ರಿ ಒಂದಾದ ಮೇಲೊಂದು ಆಟ. ನಾಟಕ ಬೆಳಗಿನ ತನಕ ಇದ್ದರೆ ರೂಮು ಯಾಕೆ ಬೇಕು? ಈ ಲೆಕ್ಕ ಗದಗನದ್ದು, ಅವನ ತಪ್ಪುಗಳನ್ನೆಲ್ಲ ಅಲ್ಲಿಗೆ ಮಾಫಿ ಮಾಡಿದೆವು. ರಾತ್ರಿ ಒಂದು ಗಂಟೆಗೆ ಶುರುವಾಗುವ ಆಟಕ್ಕೆ ನೂರು ರೂಪಾಯಿ ಟಿಕೆಟ್. ಕಬ್ಬಿಣದ ಕುರ್ಚಿ, ಮೈಕು ಆಗಾಗ ಗೊರ ಗೊರ. ಹಾಸ್ಯದ ನಟ ಪ್ರೇಕ್ಷಕರಲ್ಲಿ ನಿದ್ದೆ ಹೋದವನೊಬ್ಬನನ್ನು ನೋಡಿ, ನಾಟಕ ನಿಲ್ಲಿಸಿ, ಅವನನ್ನು ಎಬ್ಬಿಸಿ, ಕತೆ ಎಲ್ಲಿಗೆ ಬಂತು ಅಂತ ಹೇಳಿ ಮತ್ತೆ ಮುಂದುವರಿಸಿದ. ಆ ಮನುಷ್ಯ ನಾನೇ. ಆಮೇಲೆ ಕಣ್ಣು ಮುಚ್ಚಲಿಲ್ಲ. ಮಂಡ್ಯನಿಗೆ ಅರ್ಧ ಮಾತು ಅರ್ಥವಾಗುತ್ತಿರಲಿಲ್ಲ. ಕಲಬುರಗಿ ನಕ್ಕಾಗ ಇವನೂ ನಗುತ್ತಿದ್ದ, ಅರ್ಧ ಸೆಕೆಂಡ್ ತಡವಾಗಿ.

ನಾಲ್ಕು ಗಂಟೆಗೆ ಹೊರಗೆ ಬಂದರೆ ಹುಣ್ಣಿಮೆಯ ಮಾರನೇ ಚಂದ್ರ ಇನ್ನೂ ಇದ್ದ. ರಸ್ತೆ ಖಾಲಿ. ಆಗ ನನಗೆ ಹೊಳೆದದ್ದು ಇಷ್ಟು: ರಜೆಯಲ್ಲಿ ಯಾವ ಊರು ಅನ್ನುವುದಕ್ಕಿಂತ ಎಷ್ಟು ಹೊತ್ತಿಗೆ ಅನ್ನುವುದನ್ನು ಪ್ಲ್ಯಾನ್ ಮಾಡಬೇಕಿತ್ತು. ಎಲ್ಲರೂ ಹತ್ತರಿಂದ ಐದರವರೆಗೆ ಓಡಾಡುತ್ತಾರೆ. ನಾವು ಅದನ್ನು ಬಿಟ್ಟು ಉಳಿದ ಹೊತ್ತು ತೆಗೆದುಕೊಂಡರೆ ಆಯ್ತಲ್ವಾ? ಕೂಡಲಸಂಗಮವನ್ನು ಕೈಬಿಟ್ಟೆವು. ಶಿರಸಿಗೆ ಶೀಟನ್ನು ಅಳಿಸಲು ಮನಸ್ಸಾಗಲಿಲ್ಲ, ಕಾಪಿ ಮಾಡಿಟ್ಟುಕೊಂಡು ಹೊಸದು ಮಾಡಿದ.

ಹೊಲದಲ್ಲಿ ಕಾರಿನೊಳಗೇ ಎರಡು ಗಂಟೆ ಮಲಗಿದೆವು. ಐದು ಜನ ವ್ಯಾಗನ್‌ಆರ್‌ನಲ್ಲಿ ಹೇಗೆ ಮಲಗಿದೆವು ಅಂತ ಕೇಳಬೇಡಿ. ಪಟ್ಟದಕಲ್ಲಿನ ಟಿಕೆಟ್ ಕೌಂಟರ್ ತೆರೆದಾಗ ಸಾಲಿನಲ್ಲಿದ್ದದ್ದು ನಾವು ಐದೇ ಜನ. ತಲೆಗೆ ನಲವತ್ತು ರೂಪಾಯಿ. ಹುಲ್ಲಿನ ಮೇಲೆ ಇಬ್ಬನಿ, ಕೆಂಪು ಕಲ್ಲಿನ ಮೇಲೆ ಎಳೆ ಬಿಸಿಲು. ಉತ್ತರದ ಶೈಲಿಯ ಶಿಖರ, ಅದರ ಪಕ್ಕದಲ್ಲೇ ದಕ್ಷಿಣದ್ದು, ಒಂದೇ ಅಂಗಳದಲ್ಲಿ. ವಿರೂಪಾಕ್ಷ ಗುಡಿಯನ್ನು ಕಟ್ಟಿಸಿದವಳು ರಾಣಿ ಲೋಕಮಹಾದೇವಿ, ಗಂಡ ಎರಡನೇ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ. ಕಟ್ಟಿದವನ ಹೆಸರೂ ಶಾಸನದಲ್ಲಿದೆ, ಗುಂಡ. ಸಿವಿಲ್ ಓದುವ ಕಲಬುರಗಿಗೆ ಇದು ಬಹಳ ಹಿಡಿಸಿತು. ಇಂಜಿನಿಯರ್ ಹೆಸರನ್ನು ಕಲ್ಲಿನಲ್ಲಿ ಬರೆಸುವ ಕಾಲ ಇತ್ತು ನೋಡು ಅಂತ ದಿನವಿಡೀ ಹೇಳಿದ. ಪೂಜಾರಿ ಬಂದು ಬಾಗಿಲು ತೆರೆದು ದೀಪ ಹಚ್ಚಿದರು. ನಾವು ಹೊರಡುವಾಗ ಮೊದಲ ಮೂರು ಬಸ್ಸು ಒಳಗೆ ಬಂದವು.

ಐಹೊಳೆಯಲ್ಲಿ ದುರ್ಗ ಗುಡಿಯ ಹತ್ತಿರ ಬೇವಿನ ಮರದ ಕೆಳಗೆ ನಾಲ್ವರು ನಿದ್ದೆ ಹೋದೆವು. ಕಲಬುರಗಿ ಒಬ್ಬನೇ ಮೇಗುತಿ ಗುಡ್ಡ ಹತ್ತಿ 634ರ ಶಾಸನ ನೋಡಿ ಬಂದ. ಬರೆದವನು ರವಿಕೀರ್ತಿ. ಇಮ್ಮಡಿ ಪುಲಕೇಶಿ ಹರ್ಷನನ್ನು ಸೋಲಿಸಿದ್ದನ್ನು ಹಾಡಿ ಹೊಗಳಿ, ಕೊನೆಗೆ ತನ್ನನ್ನು ಕಾಳಿದಾಸ, ಭಾರವಿಯ ಸಾಲಿಗೆ ತಾನೇ ಸೇರಿಸಿಕೊಂಡಿದ್ದಾನೆ. "ಪ್ಲೇಸ್‌ಮೆಂಟಿಗೆ ರೆಸ್ಯೂಮೆ ಹೆಂಗ ಬರೀಬೇಕು ಅಂತ ಇವನ್ನ ನೋಡಿ ಕಲೀಬೇಕು" ಅಂದ.

ಅಮೀನಗಡಕ್ಕೆ ಕರದಂಟು ತರಲು ಹೊರಟಾಗ ಹಿಂದಿನ ಎಡಗಾಲಿ ಕೂತಿತು. ಸ್ಟೆಪ್ನಿ ತೆಗೆದರೆ ಅದರಲ್ಲೂ ಗಾಳಿ ಇಲ್ಲ. ಹೊರಡುವ ಮುಂಚೆ ನೋಡಬೇಕಾದ ಮೊದಲನೇ ವಸ್ತು ಅದು. ನಾವು ಸ್ಪೀಕರ್ ಚಾರ್ಜ್ ಇದೆಯಾ ಅಂತ ನೋಡಿದ್ದೆವು. ಜಾಕ್ ಹಾಕಿದರೆ ಮಣ್ಣಿನೊಳಗೇ ಇಳಿಯತೊಡಗಿತು, ಕಾರು ಮೇಲೇಳಲಿಲ್ಲ. ಬೈಕಿನಲ್ಲಿ ಹೋಗುತ್ತಿದ್ದ ಒಬ್ಬ ರೈತರು ನಿಂತು, ಏನೂ ಮಾತಾಡದೆ ಬದುವಿನಿಂದ ಚಪ್ಪಟೆ ಕಲ್ಲು ತಂದು ಜಾಕಿನ ಕೆಳಗಿಟ್ಟರು. ಎರಡು ನಿಮಿಷಕ್ಕೆ ಗಾಲಿ ಬಿಚ್ಚಿತು. ಅದನ್ನು ಮಡಿಲಲ್ಲಿಟ್ಟುಕೊಂಡು ಮಂಡ್ಯ ಅವರ ಬೈಕಿನ ಹಿಂದೆ ಕೂತ. ಪಂಕ್ಚರ್ ಹಾಕಿಸಿಕೊಂಡು ಒಂದು ಗಂಟೆಗೆ ಬಂದ, ಎರಡು ಕಿಲೋ ಕರದಂಟಿನ ಜೊತೆ. ಆ ರೈತರು ದುಡ್ಡು ಮುಟ್ಟಲಿಲ್ಲ. "ಈ ಸಲ ಬೆಳಿ ಇಲ್ಲ, ಕೆಲಸಾನೂ ಇಲ್ಲ, ಬರಾಕ ನನಗೇನು" ಅಂದರು. ಏನು ಹೇಳಬೇಕೋ ತಿಳಿಯದೆ ಅರ್ಧ ಕಿಲೋ ಕರದಂಟು ಅವರ ಕೈಗಿಟ್ಟೆವು.

ಆ ರಾತ್ರಿ ಗುಳೇದಗುಡ್ಡದಲ್ಲಿ ಗದಗನ ಅತ್ತೆಯ ಮನೆ. ಅಲ್ಲಿ ಅತ್ತೆ ಇದ್ದಾರೆ ಅಂತ ಅವನಿಗೆ ಶನಿವಾರ ನೆನಪಾಯಿತು! ಮನೆಯಲ್ಲಿ ಖಣ, ಅಂದರೆ ಕುಪ್ಪಸದ ಬಟ್ಟೆ, ನೇಯುವ ಮಗ್ಗ. ನಾವು ಒಂಬತ್ತಕ್ಕೇ ಮಲಗಿದೆವು, ಮಗ್ಗದ ಸದ್ದಿಗೆ ಯಾರೂ ಏಳಲಿಲ್ಲ. ಭಾನುವಾರ ನಸುಕಿನಲ್ಲೇ ಬಾದಾಮಿಗೆ ಹೋಗಿ ಅದೇ ಗುಹೆಗಳನ್ನು ಮತ್ತೆ ನೋಡಿದೆವು. ಇಪ್ಪತ್ತೈದು ರೂಪಾಯಿಯ ಟಿಕೆಟ್ಟನ್ನು ಎರಡನೇ ಸಲ ತೆಗೆದುಕೊಂಡದ್ದಕ್ಕೆ ಶಿರಸಿ ಗೊಣಗಿದ. ಮೂರನೇ ಗುಹೆಯಲ್ಲಿ ನಾವಲ್ಲದೆ ಇದ್ದದ್ದು ಕಸ ಗುಡಿಸುವವರೊಬ್ಬರೇ. ಆದಿಶೇಷನ ಮೇಲೆ ಕೂತ ವಿಷ್ಣುವಿನ ಎದುರು ಕಂಬಕ್ಕೆ ಒರಗಿ ಕೂತೆ. ಎಷ್ಟು ಹೊತ್ತೋ ಗೊತ್ತಿಲ್ಲ. ಕೆಳಗೆ ಕೆರೆಯಲ್ಲಿ ಬಟ್ಟೆ ಒಗೆಯುವ ಸದ್ದು ಬಂಡೆಗೆ ಬಡಿದು ಎರಡೆರಡು ಸಲ ಕೇಳುತ್ತಿತ್ತು. ಮ್ಯೂಸಿಯಂ ತೆರೆದ ಮೇಲೆ ಲಜ್ಜಾಗೌರಿಯ ಶಿಲ್ಪವನ್ನೂ ನೋಡಿ, ಹತ್ತೂವರೆಗೆ ರೋಣದ ದಾರಿ ಹಿಡಿದೆವು. ಕುಳಗೇರಿ ಕಡೆ ಆಗಲೇ ವಾಹನ ನಿಂತಿದ್ದವಂತೆ.

ಸುಮಾರು 350 ಕಿಲೋಮೀಟರ್ ಆಗಿತ್ತು. ಪೆಟ್ರೋಲಿಗೆ 2,500ರ ಹತ್ತಿರ. ರೂಮಿನ ಖರ್ಚು ಸೊನ್ನೆ, ಹಾಗಾಗಿ ಒಟ್ಟು ಮಾಡಿದ್ದರಲ್ಲಿ ತಲೆಗೆ 400ಕ್ಕಿಂತ ಜಾಸ್ತಿಯೇ ಉಳಿಯಿತು. ಮಂಡ್ಯ ಮಾತ್ರ ಲಾಡಿನ ನಷ್ಟವನ್ನೂ ಲೆಕ್ಕಕ್ಕೆ ಹಿಡಿಯಬೇಕು ಅಂತ ಹಟ ಮಾಡುತ್ತಿದ್ದ.

ಹೊರಡುವಾಗ ಅತ್ತೆ ಕಟಕ ರೊಟ್ಟಿಯ ದೊಡ್ಡ ಗಂಟೊಂದನ್ನು ಕೊಟ್ಟಿದ್ದರು, ಹದಿನೈದು ದಿನ ಇಟ್ಟರೂ ಕೆಡುವುದಿಲ್ಲ ಅಂತ. ಸೋಮವಾರ ಬೆಳಿಗ್ಗೆ ಲ್ಯಾಬ್ ರೆಕಾರ್ಡ್ ಕೊಡಬೇಕಿತ್ತು, ಒಬ್ಬರೂ ಬರೆದಿರಲಿಲ್ಲ. ಭಾನುವಾರ ರಾತ್ರಿ ನನ್ನ ರೂಮಿನಲ್ಲಿ ಕೂತು ಐವರೂ ಬರೆದೆವು. ಗಂಟು ನಡುವೆ ಇತ್ತು. ಮೂರು ಗಂಟೆಗೆ ರೆಕಾರ್ಡ್ ಇನ್ನೂ ಆರು ಪುಟ ಬಾಕಿ ಇದ್ದವು, ರೊಟ್ಟಿ ಮುಗಿದಿತ್ತು.